ಅಪ್ಪ ಎತ್ತರಿಸಿದ ಮೆಟ್ಟಿಲು

ಮನೆ ನೋಡಲು ಬಂದ ಬ್ರೋಕರಮ್ಮ ಬಾಗಿಲ ಮುಂದಿನ ಮೂರನೇ ಮೆಟ್ಟಿಲಿಗೆ ಎಡವಿದರು. ನೆತ್ತಿಗೆ ಏರಿಸಿದ್ದ ಕಪ್ಪು ಕನ್ನಡಕ ಜಾರಿತು, ಅದನ್ನು ಹಿಡಿಯಲು ಹೋಗಿ ಕೈಚೀಲವೂ ಜಾರಿತು. ಬಾಗಿಲ ಚೌಕಟ್ಟು ಹಿಡಿದು ಹೇಗೋ ನಿಂತುಕೊಂಡರು.

"ಎಲ್ರೂ ಎಡವ್ತಾರೆ, ಬೇಜಾರು ಮಾಡ್ಕೋಬೇಡಿ," ಎಂದು ಅಮ್ಮ ಒಳಗಿನಿಂದಲೇ ಕೂಗಿದಳು. "ನಮ್ಮನೆಯವರು ಕಟ್ಟಿದ್ದು ಅದು."

ಹಿಂದೆಯೇ ಬಂದ ಮಗಳು ಚೀಲ ಎತ್ತಿಕೊಟ್ಟಳು. ಅವಳಿಗೆ ನಲವತ್ತೈದು ದಾಟಿದ್ದರೂ ಮನೆಯಲ್ಲಿ ಅವಳು ಇವತ್ತಿಗೂ ದೊಡ್ಡವಳು. ಮೀಸೆ ನರೆತ ತಮ್ಮ ಇವತ್ತಿಗೂ ಪುಟ್ಟ. ಇಬ್ಬರೂ ಬೇರೆ ಬೇರೆ ಮನೆ ಮಾಡಿಕೊಂಡು ಇದೇ ಊರಿನಲ್ಲಿದ್ದರು. ಮನೆ ಮಾರುವ ಯೋಚನೆ ಮಕ್ಕಳದ್ದಲ್ಲ, ಅಮ್ಮನದೇ. ಚಿಕ್ಕಮ್ಮನ ಫ್ಲ್ಯಾಟಿನ ಎದುರಿಗೇ ನೆಲಮಹಡಿಯಲ್ಲಿ ಒಂದು ಖಾಲಿಯಾಗಿತ್ತು. "ಮಂಡಿ ನೋವು ಇಟ್ಕೊಂಡು ನಾನ್ಯಾಕೆ ಈ ಮೆಟ್ಟಿಲು ಹತ್ತಿ ಇಳೀಲಿ? ಅಲ್ಲಿದ್ರೆ ಬೆಳಗ್ಗೆ ಎದ್ದ ತಕ್ಷಣ ನನ್ನ ತಂಗಿ ಜೊತೆ ಜಗಳ ಆಡಬಹುದು," ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

ಅಪ್ಪ ಇದ್ದಾಗ ಗಡಿಯಾರ ರಿಪೇರಿ ಮಾಡುತ್ತಿದ್ದ. ಅಂಗಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವ ಮನುಷ್ಯ, ರಜೆಯ ದಿನ ಗಾರೆ ಕೆಲಸದ ಕರಣಿ ಹಿಡಿದರೆ ಮಾತ್ರ ಬೇರೆಯೇ ಆಗಿಬಿಡುತ್ತಿದ್ದ. ಅವನು ಹಾಕಿದ ಸ್ವಿಚ್ಚುಗಳೆಲ್ಲ ತಲೆಕೆಳಗು. ಅವನು ಕೂರಿಸಿದ ಬಚ್ಚಲ ಬಾಗಿಲು ಹೊರಗೆ ತೆರೆದುಕೊಂಡು, ನಡುಮನೆಯಲ್ಲಿ ಓಡಾಡುವವರ ಹಣೆಗೆ ಬಡಿಯುತ್ತಿತ್ತು. ಅಡುಗೆ ಮಾಡುತ್ತಲೇ ಅಮ್ಮ ಎಲ್ಲರ ಜೊತೆ ಮಾತಾಡಲಿ ಎಂದು ಅಡುಗೆಮನೆಯ ಗೋಡೆ ಕೊರೆದು ಒಂದು ಕಿಂಡಿ ಮಾಡಿದ್ದ. ಅಳತೆ ತಪ್ಪಿ ಅದು ಎಷ್ಟು ಮೇಲಕ್ಕೆ ಹೋಗಿತ್ತೆಂದರೆ, ಈ ಕಡೆ ಕೂತವರಿಗೆ ಅಮ್ಮನ ಹಣೆ ಮತ್ತು ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಆ ಎರಡು ಕಣ್ಣಿಗೆ ಹೆದರಿಯೇ ಮಕ್ಕಳಿಬ್ಬರೂ ಪಾಠ ಓದಿದ್ದು.

ದೊಡ್ಡವಳದ್ದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಎಳ್ಳಷ್ಟು ವಾರೆಯಾದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಅಂಥವಳಿಗೆ ಈ ಮನೆಯ ವಾರೆ ಮಾತ್ರ ಯಾವತ್ತೂ ಕಂಡಿರಲಿಲ್ಲ. ಬ್ರೋಕರಮ್ಮನ ಹಿಂದೆ ಕೋಣೆ ಕೋಣೆ ಸುತ್ತುವಾಗ ಒಂದೊಂದಾಗಿ ಕಾಣತೊಡಗಿತು. ಯಾರೋ ತನ್ನ ಅಪ್ಪನನ್ನೇ ನಿಲ್ಲಿಸಿ ಅಳತೆ ತೆಗೆಯುತ್ತಿದ್ದಾರೆ ಅನ್ನಿಸಿ ಅವಳ ಮುಖ ಬಿಸಿಯಾಯಿತು.

ಪುಟ್ಟ ಆಗಲೇ ಫೋನು ಹಿಡಿದು ಕಾದಿದ್ದ. "ನೋಡಿ ಮೇಡಂ, ಅಡುಗೆಮನೆ ಪೂರ್ತಿ ಹೊಸದು ಮಾಡಿಸೋಣ ಅಂತ. ಈ ತರ ಹೊಳೆಯೋ ಕಲ್ಲು, ಈ ತರ ಕಪಾಟು."

"ಬೇಡ," ಎಂದರು ಬ್ರೋಕರಮ್ಮ ಫೋನಿನ ಕಡೆ ತಿರುಗದೆ. "ಅಡುಗೆಮನೇನ ಕೊಳ್ಳೋರು ತಮಗೆ ಬೇಕಾದ ಹಾಗೆ ಒಡೆದು ಕಟ್ಕೋತಾರೆ. ನೀವು ಹಾಕಿಸಿದ ಕಲ್ಲು ನೋಡಿ ಮೂಗು ಮುರೀತಾರೆ ಅಷ್ಟೆ. ಬಚ್ಚಲ ಸೂರು ಸೋರ್ತಿದೆ, ಅದನ್ನ ಮೊದಲು ನಿಲ್ಲಿಸಿ. ಒಂದು ಕಡೆ ಒದ್ದೆ ಕಂಡ್ರೆ ಇಡೀ ಮನೆ ಸೋರುತ್ತೆ ಅಂದ್ಕೋತಾರೆ. ಬಾಗಿಲು, ಸ್ವಿಚ್ಚು ಸರಿ ಮಾಡ್ಸಿ. ತಿಳಿ ಬಣ್ಣ ಹೊಡ್ಸಿ. ಕಿಟಕಿಗೆ ಅಡ್ಡ ಇಟ್ಟಿರೋ ಬೀರು ತೆಗೀರಿ, ಬೆಳಕು ಬರಲಿ."

"ಗೋಡೆಯ ಕಿಂಡಿ?" ಎಂದು ಕೇಳಿದಳು ದೊಡ್ಡವಳು.

"ಇರಲಿ ಬಿಡಿ, ತಮಾಷೆಯಾಗಿದೆ. ಆದ್ರೆ ಆ ಮೆಟ್ಟಿಲು ಹೋಗ್ಲೇಬೇಕು. ಹೊಸ್ತಿಲಲ್ಲೇ ಎಡವಿದೋರು ಒಳಗೆ ಬಂದು ತಪ್ಪನ್ನೇ ಹುಡುಕ್ತಾರೆ."

ಅವರು ಹೋದ ಮೇಲೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು. ಅಡುಗೆಮನೆ ಬೇಡವೆಂದಿದ್ದಕ್ಕೆ ಪುಟ್ಟ ಮುಖ ಊದಿಸಿಕೊಂಡ. ಮೆಟ್ಟಿಲು ಮುಟ್ಟಬಾರದೆಂದು ದೊಡ್ಡವಳು ಹಟ ಹಿಡಿದಳು.

ಆ ಮೆಟ್ಟಿಲಿಗೊಂದು ಕಥೆಯಿತ್ತು. ಒಂದು ಮಳೆಗಾಲ ಬೀದಿಯ ಚರಂಡಿ ಕಟ್ಟಿ, ನೀರು ನಡುಮನೆಗೇ ನುಗ್ಗಿತ್ತು. ಮುಂದಿನ ರಜೆಗೆ ಅಪ್ಪ ಪಂಚೆ ಎತ್ತಿ ಕಟ್ಟಿ ಮೇಲಿನ ಮೆಟ್ಟಿಲನ್ನು ನಾಲ್ಕು ಬೆರಳು ಎತ್ತರಿಸಿದ. ಆಗ ಪುಟ್ಟ ಅಮ್ಮನ ಹೊಟ್ಟೆಯಲ್ಲಿದ್ದ. ಅಮ್ಮ ನೆರಳಲ್ಲಿ ಕುರ್ಚಿ ಹಾಕಿಕೊಂಡು "ಜಾಸ್ತಿ ಆಯ್ತು, ಜಾಸ್ತಿ ಆಯ್ತು" ಎನ್ನುತ್ತಿದ್ದಳು. ದೊಡ್ಡವಳು ಚೊಂಬಿನಲ್ಲಿ ನೀರು ತಂದು ಸಿಮೆಂಟಿಗೆ ಹೊಯ್ಯುತ್ತಿದ್ದಳು. ಆಮೇಲೆ ನೀರು ಒಳಗೆ ಬರಲಿಲ್ಲ, ನಿಜ. ಬಂದವರು ಮಾತ್ರ ಎಡವದೆ ಬರಲಿಲ್ಲ. "ಎಡವಿ ಬಿದ್ದೇ ನಾನು ಈ ಮನೆ ಅಳಿಯ ಆದದ್ದು," ಎಂದು ದೊಡ್ಡವಳ ಗಂಡ ಈಗಲೂ ನಗುತ್ತಾನೆ.

"ಅಪ್ಪ ಕಟ್ಟಿದ್ದಮ್ಮ ಅದು," ಎಂದಳು ದೊಡ್ಡವಳು.

"ಅದಕ್ಕೇ ಒಡೀಬೇಕು," ಎಂದಳು ಅಮ್ಮ. "ಕಟ್ಟಿದ ದಿನದಿಂದ ಹೇಳ್ತಿದೀನಿ ಜಾಸ್ತಿ ಆಯ್ತು ಅಂತ. ಕೇಳಿದ್ರಾ? ಈಗಾದ್ರೂ ನನ್ನ ಮಾತು ನಡೀಲಿ."

ಮಾತು ನಡೆಯಿತು. ದೊಡ್ಡವಳು ಅಂಗಡಿಗೆ ರಜೆ ಹಾಕಿದಳು. ಬಚ್ಚಲ ಸೂರಿನ ಬಿರುಕು ಮುಚ್ಚಿಸಿದ್ದಾಯಿತು, ಬಾಗಿಲು ಒಳಗೆ ತೆರೆಯುವ ಹಾಗಾಯಿತು. ಗಾರೆಯವನು ಮೆಟ್ಟಿಲಿಗೆ ಮೊದಲ ಏಟು ಹಾಕುವಾಗ ಅವಳು ಹಿತ್ತಿಲಿಗೆ ಹೋಗಿ ಇಲ್ಲದ ಬಟ್ಟೆ ಒಣಹಾಕುವವಳಂತೆ ನಿಂತಳು. ಅಮ್ಮ ಮಾತ್ರ ಅದೇ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, "ಹಾಂ, ಇನ್ನೂ ಸ್ವಲ್ಪ ತೆಗೀಪ್ಪಾ" ಎಂದು ಮೇಸ್ತ್ರಿಕೆ ಮಾಡಿದಳು. ಹೊಸ ಮೆಟ್ಟಿಲು ಉಳಿದೆರಡಕ್ಕೆ ಸರಿಸಮನಾಗಿ, ನುಣ್ಣಗೆ ಬಂತು. ಅದು ಒಣಗುವವರೆಗೆ ಎಲ್ಲರೂ ಹಿತ್ತಿಲ ಬಾಗಿಲಲ್ಲೇ ಓಡಾಡಿದರು.

ಮೆಟ್ಟಿಲು ಗಟ್ಟಿಯಾದ ದಿನ ಅಮ್ಮ ಚಿಕ್ಕಮ್ಮನ ಮನೆಯಿಂದ ತರಕಾರಿ ಚೀಲ ಹಿಡಿದು ಬಂದಳು. ಗೇಟಿನ ಹತ್ತಿರವಿದ್ದ ಪುಟ್ಟನಿಗೆ ಏನೋ ಹೇಳುತ್ತಾ, ಕೆಳಗೆ ನೋಡದೆಯೇ ಮೇಲೆ ಬಂದಳು. ಮೂರನೇ ಮೆಟ್ಟಿಲಿಗೆ ಕಾಲು ಎಂದಿನಂತೆ ಎತ್ತರಕ್ಕೆ ಹೋಯಿತು. ಅಲ್ಲಿ ಇರಬೇಕಾದದ್ದು ಅಲ್ಲಿರಲಿಲ್ಲ. ಕಾಲು ದೊಪ್ಪೆಂದು ಕೆಳಗಿಳಿದು, ಅವಳು ಮುಗ್ಗರಿಸಿ ಹೊಸ್ತಿಲ ಮೇಲೆ ಕೈಯೂರಿ ಬಿದ್ದಳು. ಬದನೆಕಾಯಿಗಳು ಉರುಳಿ ಬೀದಿಯವರೆಗೂ ಹೋದವು.

ಮಕ್ಕಳಿಬ್ಬರೂ ಓಡಿ ಬಂದರು. ಅಂಗೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು ನಗತೊಡಗಿದಳು.

"ಸರಿಯಾಗಿರೋ ಮೆಟ್ಟಿಲಲ್ಲಿ ಬಿದ್ದೋಳು ಈ ಊರಲ್ಲಿ ನಾನೊಬ್ಬಳೇ ಇರಬೇಕು!"

ನಗು ನಗುತ್ತಲೇ ಎಲ್ಲೋ ತಪ್ಪಿ ಅಳುವಾಯಿತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಪ್ಪ ಹೋದಾಗ ಬಂದವರನ್ನೆಲ್ಲ ತಾನೇ ಸಮಾಧಾನ ಮಾಡಿ ಕಳಿಸಿದ್ದ ಹೆಂಗಸು. ಪುಟ್ಟ ಬದನೆಕಾಯಿ ಆರಿಸತೊಡಗಿದ.

"ಅಷ್ಟು ವರ್ಷ ಬೈದೆ ಅವರನ್ನ," ಎಂದಳು ಅಮ್ಮ ಸೆರಗು ಸರಿಸಿ. "ಬಾಯಿ ಬೈತಾನೇ ಇತ್ತು. ಕಾಲು ಮಾತ್ರ ಅವರು ಹೇಳಿದ ಹಾಗೇ ಕೇಳ್ಕೊಂಡಿತ್ತು ನೋಡು."

"ಮತ್ತೆ ಎತ್ತರ ಮಾಡ್ಸಿಬಿಡೋಣ್ವಾಮ್ಮ?" ಎಂದಳು ದೊಡ್ಡವಳು.

ಅಮ್ಮ ಮೂಗು ಒರೆಸಿಕೊಂಡಳು. "ತಲೆ ಕೆಟ್ಟಿದ್ಯೇನೇ ನಿಂಗೆ? ಹೊಸದಾಗಿ ಬರೋರ ಮಕ್ಕಳು ಬಿದ್ದು ಹಲ್ಲು ಮುರ್ಕೊಳ್ಲಿ ಅಂತಾನಾ? ಏಳು, ಅರಿಶಿನ ತಗೊಂಡು ಬಾ."

ಬಣ್ಣ ಹೊಡೆಯುವ ಕೆಲಸವನ್ನು ಅಕ್ಕ ತಮ್ಮ ಇಬ್ಬರೇ ಮಾಡಿದರು. ಗೋಡೆ ಉಜ್ಜಿದಾಗ ಹಳೆಯ ಬಣ್ಣಗಳು ಪದರ ಪದರವಾಗಿ ಎದ್ದು ಬಂದವು. ಹಸಿರು ಅವಳ ಶಾಲೆಯ ದಿನಗಳದ್ದು, ಹಳದಿ ಅವಳ ಮದುವೆಯ ವರ್ಷದ್ದು. ಎಲ್ಲಕ್ಕೂ ಅಡಿಯ ನೀಲಿ ಯಾವಾಗಿನದೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಪುಟ್ಟ ಆಗ ಬ್ರಷ್ಷು ಅದ್ದುತ್ತಾ, ಅವಳ ಕಡೆ ನೋಡದೆ ಹೇಳಿದ:

"ಅಡುಗೆಮನೆ ಮಾಡಿಸೋಣ ಅಂದಿದ್ದು ಬೆಲೆಗೋಸ್ಕರ ಅಲ್ಲ ಅಕ್ಕ. ಅಮ್ಮ ಹೊಳೆಯೋ ಕಲ್ಲಿನ ಕಟ್ಟೆ ಬೇಕು ಅಂತ ಅಪ್ಪನ್ನ ಎಷ್ಟು ಸಲ ಕೇಳಿರಲಿಲ್ಲ? ಹೋಗೋಕೆ ಮುಂಚೆ ಒಂದು ತಿಂಗಳಾದ್ರೂ ಅದರ ಮುಂದೆ ನಿಂತ್ಕೊಳ್ಲಿ ಅಂತ."

ದೊಡ್ಡವಳ ಕೈ ನಿಂತಿತು. ಇಷ್ಟು ದಿನ ಇವನಿಗೆ ಶೋಕಿ ಅಂದುಕೊಂಡಿದ್ದಳು. "ಹೊಸ ಫ್ಲ್ಯಾಟಲ್ಲಿ ಆ ಕಲ್ಲೇ ಇದೆಯಲ್ಲೋ," ಎಂದಳು ಮೆಲ್ಲಗೆ.

"ಇದೆ. ನಿನ್ನೆ ನೋಡಿ ಬಂದು, ಪಾತ್ರೆ ಜಾರುತ್ತೆ ಅಂತ ಬೈತಿದ್ಲು."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಕಿಂಡಿಯಲ್ಲಿ ಎರಡು ಕಣ್ಣು ಮೂಡಿದವು. "ಬಣ್ಣ ನೆಲಕ್ಕೆ ಬೀಳ್ತಿದೆ," ಎಂದಿತು ಅಮ್ಮನ ದನಿ.

ಬೀರು ಸರಿಸಿದ ದಿನ ಸಂಜೆಯ ಬಿಸಿಲು ನಡುಮನೆಯ ಮೂಲೆಯವರೆಗೂ ಬಂತು. ಬಿಳಿ ಗೋಡೆ, ಸರಿಯಾದ ಬಾಗಿಲು, ಸೋರದ ಸೂರು. ಈ ಮನೆ ಇಷ್ಟು ಚೆಂದ ಯಾವತ್ತೂ ಇರಲಿಲ್ಲ. ದೊಡ್ಡವಳು ಗೋಡೆಯ ಮೇಲೆ ಕೈಯಾಡಿಸುತ್ತಾ ಅಮ್ಮನ ಕಡೆ ತಿರುಗಿದಳು.

"ಮಾರೋವಾಗ ಮಾಡಿದ್ದನ್ನ ನಾವಿದ್ದಾಗ್ಲೇ ಯಾಕಮ್ಮ ಮಾಡ್ಲಿಲ್ಲ?"

"ನಿಮ್ಮಪ್ಪ ಬೇರೆಯವರ ಕೈಗೆ ಬಿಟ್ಟಿದ್ರೆ ತಾನೆ!"

ಮನೆ ನೋಡಲು ಕೆಲವರು ಬಂದರು, ಹೋದರು. ಕೊನೆಗೆ ಒಪ್ಪಿದ್ದು ಒಂದು ಚಿಕ್ಕ ಸಂಸಾರ. ಗಂಡ ಬಸ್ ಚಾಲಕ, ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಕಂಕುಳಲ್ಲಿ ಒಂದು ಮಗು. ಮೂರು ಮೆಟ್ಟಿಲನ್ನೂ ಹತ್ತಿ ಮಾತಾಡುತ್ತಲೇ ಒಳಗೆ ಬಂದರು. ಅವರಲ್ಲಿ ಒಬ್ಬರೂ ಎಡವದೆ ಬಂದದ್ದು ದೊಡ್ಡವಳಿಗೆ ಒಂಥರಾ ಅನ್ನಿಸಿತು. ಆ ಹೆಂಗಸು ಬಿಸಿಲು ಬಿದ್ದ ನೆಲದ ಮೇಲೆ ಮಗುವನ್ನು ಇಳಿಸಿ, ಗಂಡನ ಮುಖ ನೋಡಿದಳು. ಆ ನೋಟ ಕಂಡ ಬ್ರೋಕರಮ್ಮ ದೊಡ್ಡವಳ ಮೊಣಕೈಗೆ ಮೆಲ್ಲಗೆ ತಿವಿದರು.

ಸಾಮಾನು ಸಾಗಿಸಿದ ದಿನ ಬೀಗದ ಕೈ ಕೊಡುವ ಕೆಲಸವನ್ನು ಅಮ್ಮ ಯಾರಿಗೂ ಬಿಡಲಿಲ್ಲ. ಸಾಮಾನಿನ ಲಾರಿ ಹತ್ತಿ ಪುಟ್ಟ ಮುಂದೆ ಹೋದ. ದೊಡ್ಡವಳು ಕಾರಿನಲ್ಲಿ ಕೂತು ಕಾದಳು. ಗೇಟಿನ ಬಳಿ ಅಮ್ಮ ಆ ನರ್ಸಿನ ಕೈ ಹಿಡಿದುಕೊಂಡು ಹೇಳುತ್ತಲೇ ಇದ್ದಳು. ಯಾವ ನಲ್ಲಿ ತಿರುಗಿಸಿದರೆ ಗೋಡೆಯೊಳಗೆ ಸದ್ದು ಬರುತ್ತದೆ, ಬೇಸಿಗೆಯಲ್ಲಿ ಯಾವ ಕೋಣೆ ತಂಪು, ಮಗು ಮಲಗಿಸಲು ಯಾವ ಮೂಲೆ ಒಳ್ಳೆಯದು. ಆ ಹುಡುಗಿ ಮಗುವನ್ನು ಕಂಕುಳಿಂದ ಕಂಕುಳಿಗೆ ಬದಲಾಯಿಸುತ್ತಾ ತಲೆಯಾಡಿಸುತ್ತಿದ್ದಳು. ಕಾರಿನ ಡ್ರೈವರ್ ಒಮ್ಮೆ ಹಾರ್ನ್ ಹೊಡೆದ. ಅಮ್ಮ ತಿರುಗಿಯೂ ನೋಡಲಿಲ್ಲ.

ಕೊನೆಗೂ ಬಂದು ಕೂತಳು. ಬಾಗಿಲು ಎಳೆದುಕೊಂಡಳು.

"ಒಳ್ಳೆ ಹುಡುಗಿ," ಎಂದಳು. "ಆದ್ರೆ ಪಾಪ, ಏನೂ ಗೊತ್ತಿಲ್ಲ."

"ಎಲ್ಲ ಹೇಳ್ಕೊಟ್ಟೆ ತಾನೆ?"

"ಹೇಳ್ದೆ. ಎಲ್ಲಾನೂ ಎಲ್ಲಿ ಹೇಳೋಕಾಗುತ್ತೆ?"

ಕಾರು ಹೊರಟಿತು. ಅಮ್ಮ ಚಪ್ಪಲಿ ಕಳಚಿ, ಕಾಲು ಚಾಚಿಕೊಂಡು, ಮಗಳ ಭುಜಕ್ಕೆ ತಲೆ ಕೊಟ್ಟಳು. "ಸ್ವಲ್ಪ ಬೇಗ ಓಡ್ಸಪ್ಪ," ಎಂದಳು ಡ್ರೈವರಿಗೆ. "ನನ್ನ ತಂಗಿ ಒಬ್ಬಳೇ ಅಲ್ಲಿ ಪರದೆ ನೇತು ಹಾಕ್ತಿರ್ತಾಳೆ. ಅವಳಿಗೆ ಬಿಟ್ರೆ ಮನೆ ಕೆಡಿಸಿಡ್ತಾಳೆ."