ಲಾಡಿ

"ಅಪ್ಪಾ! ಬೇಗ ಬಾ!"

ಮಗಳ ಕೂಗು ಕೇಳಿದಾಗ ದರ್ಜಿಯಪ್ಪ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ. ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಹಿಡಿದುಕೊಂಡೇ ಒಳಗೆ ಓಡಿದ. ಊಟದ ಮೇಜಿನ ಪಕ್ಕದಲ್ಲಿ ಕುರ್ಚಿ ಮಗುಚಿಬಿದ್ದಿತ್ತು. ಅಳಿಯ ನೆಲದ ಮೇಲಿದ್ದ. ಹಲ್ಲು ಕಚ್ಚಿಕೊಂಡಿತ್ತು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು, ಮೈಯೆಲ್ಲ ಒಂದೇ ಸಮನೆ ಅದುರುತ್ತಿತ್ತು.

"ತಿಂತಾ ಕೂತಿದ್ರು ಅಪ್ಪ, ಏನೋ ಹೇಳಕ್ಕೆ ಬಾಯಿ ತೆಗೆದ್ರು, ಹಾಗೇ ವಾಲಿಬಿಟ್ರು!"

ದರ್ಜಿಯಪ್ಪ ಆ ಒದ್ದೆ ಅಂಗಿಯನ್ನೇ ಮಡಿಸಿ ಅಳಿಯನ ತಲೆಯ ಕೆಳಗೆ ಕೊಟ್ಟ. ಬೇರೇನು ಮಾಡಬೇಕೆಂದು ಅವನಿಗೂ ತೋಚಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನಡುಕ ನಿಂತಿತು. ಅಳಿಯ ಕಣ್ಣು ಬಿಟ್ಟು ಇಬ್ಬರ ಮುಖವನ್ನೂ ಗುರುತು ಸಿಗದವನಂತೆ ನೋಡಿದ. ಆಮೇಲೆ ತೊದಲುತ್ತ ಕೇಳಿದ, "ಬಸ್ಸು ನಿಲ್ಸಿದೀನಾ?"

ಅವನು ನಗರ ಸಾರಿಗೆಯ ಬಸ್ಸು ಓಡಿಸುತ್ತಿದ್ದ. ಡಿಪೋದಲ್ಲಿ ಎಲ್ಲರೂ ಅವನನ್ನು ಮೆಲ್ಲಣ್ಣ ಅಂತಲೇ ಕರೆಯುತ್ತಿದ್ದರು. ಬ್ರೇಕು ಹಾಕಿದರೆ ನಿಂತವರಿಗೂ ಗೊತ್ತಾಗುವುದಿಲ್ಲ, ಮಲಗಿದ ಕೂಸು ಮಗ್ಗುಲು ಬದಲಿಸುವುದಿಲ್ಲ ಎಂಬ ಹೆಸರು ಅವನಿಗಿತ್ತು. ಮಾತೂ ಹಾಗೆಯೇ. ಬೇಕಾದಷ್ಟೇ, ಅದೂ ಮೆಲ್ಲಗೆ.

ಹೆಂಡತಿ ತೀರಿಕೊಂಡ ಮೇಲೆ ಒಂದಷ್ಟು ಕಾಲ ಒಬ್ಬನೇ ಇದ್ದು, ಕೊನೆಗೆ ಹೊಲಿಗೆ ಅಂಗಡಿ ಮುಚ್ಚಿ ಮಗಳ ಮನೆಗೆ ಬಂದಾಗ, ದರ್ಜಿಯಪ್ಪನಿಗೆ ಇದ್ದ ಅಂಜಿಕೆ ಒಂದೇ: ದಂಡಪಿಂಡ ಅನ್ನಿಸಿಕೊಳ್ಳಬಾರದು. ಮಗಳು ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಕಾಲ ಬುಡದಲ್ಲಿ ಕೂತು ಎದ್ದು ಸುಸ್ತಾಗಿ ಬರುತ್ತಿದ್ದಳು. ಹಾಗಾಗಿ ಬಂದ ವಾರದಲ್ಲೇ ಅವನು ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡ. ತರಕಾರಿಯನ್ನು ಬಟ್ಟೆ ಕತ್ತರಿಸಿದ ಹಾಗೆ ಒಂದೇ ಅಳತೆಗೆ ಹೆಚ್ಚುತ್ತಿದ್ದ. ಅಳಿಯನ ಡಬ್ಬಿಯಂತೂ ಪೂರ್ತಿ ಅವನದೇ ಜವಾಬ್ದಾರಿ. ಸಂಜೆ ಡಬ್ಬಿ ಖಾಲಿಯಾಗಿ ಬಂದರೆ, ಹೊಲಿದ ಅಂಗಿ ಗಿರಾಕಿಯ ಮೈಗೆ ಸರಿಯಾಗಿ ಕೂತಷ್ಟೇ ಖುಷಿ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದರು. ಡಾಕ್ಟರಮ್ಮ ಮೂವರನ್ನೂ ಒಳಗೆ ಕರೆದು ಕೂರಿಸಿದರು. ಮಗಳು ಗಂಡನ ಮೊಣಕೈಯನ್ನು ಬಿಟ್ಟಿರಲಿಲ್ಲ.

"ಗಡ್ಡೆನಾ ಮೇಡಂ?"

"ನೀವು ಹೆದರ್ಕೊಂಡಿರೋ ಗಡ್ಡೆ ಅಲ್ಲಮ್ಮ. ಇದು ಒಂದು ಹುಳದ ಮರಿ. ಮಿದುಳಲ್ಲಿ ಬಂದು ಗೂಡು ಕಟ್ಕೊಂಡಿದೆ. ಅದರ ಸುತ್ತ ಊದ್ಕೊಂಡು ಫಿಟ್ಸ್ ಬಂದಿದೆ. ಮಾತ್ರೆಗೆ ಬಗ್ಗುತ್ತೆ. ಆದ್ರೆ ಟೈಮ್ ಹಿಡಿಯುತ್ತೆ."

"ಮಿದುಳಿಗೆ ಹುಳ ಹೇಗೆ ಹೋಗುತ್ತೆ?" ಎಂದ ಅಳಿಯ.

"ದೊಡ್ಡ ಹುಳ ಬೇರೆ ಯಾರದೋ ಹೊಟ್ಟೇಲಿ ಇರುತ್ತೆ. ಅರೆಬೆಂದ ಹಂದಿಮಾಂಸ ತಿಂದ್ರೆ ಬರುತ್ತೆ. ಅವರಿಗೆ ಅಂಥ ತೊಂದ್ರೆ ಏನೂ ಕೊಡಲ್ಲ, ಸುಮ್ನೆ ಇರುತ್ತೆ. ಅದರ ಮೊಟ್ಟೆ ಮಲದಲ್ಲಿ ಹೊರಗೆ ಬರುತ್ತೆ. ಕಣ್ಣಿಗೆ ಕಾಣಲ್ಲ. ಕೈ ಸರಿಯಾಗಿ ತೊಳೀದಿದ್ರೆ ಆ ಕೈಯಿಂದ ಊಟಕ್ಕೆ ಹೋಗುತ್ತೆ. ಆ ಊಟ ಮಾಡಿದವರ ಹೊಟ್ಟೇಲಿ ಮೊಟ್ಟೆ ಒಡೆದು ಮರಿ ರಕ್ತಕ್ಕೆ ಇಳಿಯುತ್ತೆ. ರಕ್ತ ಎಲ್ಲಿಗೆ ಕರ್ಕೊಂಡು ಹೋದ್ರೆ ಅಲ್ಲಿ ಕೂರುತ್ತೆ." ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದಕ್ಕೇ ಮನೆಯವರನ್ನೆಲ್ಲ ಕೇಳ್ತಾ ಇರೋದು. ಲಾಡಿಹುಳು ಅಂತ ಹೆಸರು. ಮಲದಲ್ಲಿ ಬಿಳೀದು, ಚಪ್ಪಟೆ, ತುಂಡು ತುಂಡು ಲಾಡಿ ಥರ ಯಾರಾದ್ರೂ ನೋಡಿದೀರಾ?"

ಲಾಡಿ. ದರ್ಜಿಯಪ್ಪ ಜೀವಮಾನದಲ್ಲಿ ಎಷ್ಟು ಪೈಜಾಮಗಳಿಗೆ ಲಾಡಿ ಪೋಣಿಸಿದ್ದನೋ ಲೆಕ್ಕವಿರಲಿಲ್ಲ. ಪಾಯಿಖಾನೆಯಲ್ಲಿ ಮೊದಲ ಸಲ ಅದನ್ನು ಕಂಡಾಗಲೂ ಅವನಿಗೆ ಹೊಳೆದದ್ದು ಅದೇ ಮಾತು. ಕತ್ತರಿಸಿ ಬಿಸಾಡಿದ ಲಾಡಿಯ ಚೂರಿನಂತಿತ್ತು. ಒಂದು ಚೂರು ಮಿಸುಕಿದ ಹಾಗಿತ್ತು. ವಯಸ್ಸಾದ ಮೈ, ಏನೇನೋ ಆಗುತ್ತದೆ ಅಂದುಕೊಂಡ. ಇಂಥದ್ದನ್ನೆಲ್ಲ ಹೆಂಡತಿಗಾದರೆ ಹೇಳಬಹುದು. ಬೆಳೆದ ಮಗಳ ಹತ್ತಿರ ಯಾವ ಬಾಯಲ್ಲಿ ಹೇಳುವುದು? ನೀರು ಸುರಿದು ಎದ್ದುಬಂದಿದ್ದ. ಆಮೇಲೆಯೂ ಆಗಾಗ ಕಂಡಿತ್ತು. ಆಗಲೂ ನೀರು ಸುರಿದಿದ್ದ.

"ಇಲ್ಲ ಮೇಡಂ, ನಮ್ಮನೇಲಿ ಅಂಥದ್ದೆಲ್ಲ…" ಎಂದು ಮಗಳು ಶುರುಮಾಡಿದಳು.

"ನಂಗಿದೆ," ಎಂದ ದರ್ಜಿಯಪ್ಪ.

ಮಗಳು ತಿರುಗಿ ನೋಡಿದಳು. ಅವನು ಮಗಳನ್ನು ನೋಡಲಿಲ್ಲ. ಡಾಕ್ಟರಮ್ಮನ ಮೇಜಿನ ಅಂಚನ್ನು ನೋಡುತ್ತ ಹೇಳಿದ. "ಹೆಂಡ್ತಿ ಹೋದ್ಮೇಲೆ ಒಬ್ಬನೇ ಇದ್ದೆನಲ್ಲ. ಅಂಗಡಿ ಎದುರು ಹಂದಿಮಾಂಸ ಸುಟ್ಟು ಕೊಡೋನಿದ್ದ. ರಾತ್ರಿ ಊಟ ಅಲ್ಲೇ ಆಗ್ತಿತ್ತು. ಬೆಂದಿದೆಯೋ ಇಲ್ವೋ ಯಾರು ನೋಡಿದ್ರು… ಇಲ್ಲಿಗೆ ಬಂದ್ಮೇಲೆ ನೋಡಿದೀನಿ. ನೀವು ಹೇಳಿದ ಹಾಗೇ."

ಡಾಕ್ಟರಮ್ಮನಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಇವರಿಗೆ ನಿಮ್ಮಿಂದಲೇ ಬಂತು ಅಂತ ಖಚಿತವಾಗಿ ಹೇಳಕ್ಕಾಗಲ್ಲ. ಹೊರಗಡೆ ಊಟದಿಂದಲೂ ಬರಬಹುದು," ಎಂದರು. ಆದರೆ ಆ ಕೋಣೆಯಲ್ಲಿದ್ದ ನಾಲ್ವರಲ್ಲಿ ಯಾರೂ ಆ ಮಾತಿಗೆ ಜೋತುಬೀಳಲಿಲ್ಲ.

ಹೊರಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಾಗ ಅಳಿಯ ಹೇಳಿದ, "ಒಂದು ಮಾತು ಹೇಳ್ಬಹುದಿತ್ತಲ್ಲ ಮಾವ."

ಅಷ್ಟೇ. ಎಲ್ಲರೆದುರು ಕೂಗಾಡಿದ್ದರೆ ದರ್ಜಿಯಪ್ಪ ತಡೆದುಕೊಳ್ಳುತ್ತಿದ್ದ. ಆ ಮೆಲುದನಿ ಮಾತ್ರ ಎದೆಯಲ್ಲಿ ಸೂಜಿ ಮುರಿದ ಹಾಗೆ ಉಳಿದುಬಿಟ್ಟಿತು.

ಫಿಟ್ಸ್ ಬಂದವನ ಕೈಗೆ ಬಸ್ಸು ಕೊಡುವುದಿಲ್ಲ. ಡಿಪೋದವರು ಮೆಲ್ಲಣ್ಣನನ್ನು ಪ್ರಯಾಣಿಕರು ಮರೆತುಹೋದ ಸಾಮಾನಿನ ಕೋಣೆಗೆ ಹಾಕಿದರು. ಮತ್ತೆ ಯಾವಾಗ ಸ್ಟೇರಿಂಗು, ಸಿಗುವುದೋ ಇಲ್ಲವೋ, ಯಾರೂ ಹೇಳಲಿಲ್ಲ. ದಿನವಿಡೀ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಕೂರುತ್ತಿದ್ದ. "ಇವತ್ತು ಒಂದು ಜೊತೆ ಹಲ್ಲುಸೆಟ್ಟು ಬಂತು," ಎಂದು ಒಂದು ಸಂಜೆ ಹೆಂಡತಿಗೆ ಹೇಳಿ ನಗಲು ನೋಡಿದ. ಅವಳು ನಗಲಿಲ್ಲ. ಅವನ ನಗುವೂ ಅಲ್ಲಿಗೇ ನಿಂತಿತು.

ದರ್ಜಿಯಪ್ಪನಿಗೆ ಕೊಟ್ಟದ್ದು ಒಂದೇ ಹೊತ್ತಿನ ಮಾತ್ರೆ. ಹುಳ ಹೋಯಿತು. ಆಮೇಲೆ ಪರೀಕ್ಷೆ ಮಾಡಿದಾಗ ಏನೂ ಇರಲಿಲ್ಲ. ಮಗಳ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. "ಇನ್ನು ನಿಮ್ಮಿಂದ ಯಾರಿಗೂ ಭಯ ಇಲ್ಲ. ಆರಾಮಾಗಿ ಅಡುಗೆ ಮಾಡ್ಕೊಡಿ," ಎಂದರು ಡಾಕ್ಟರಮ್ಮ. ಅವನು ತಲೆಯಾಡಿಸಿ ಬಂದ. ಅಡುಗೆಮನೆಯ ಹೊಸ್ತಿಲು ಮಾತ್ರ ದಾಟಲಿಲ್ಲ. ತನ್ನ ತಟ್ಟೆ ಲೋಟ ಕಿಟಕಿಯ ಬಳಿ ಬೇರೆಯೇ ಇಟ್ಟುಕೊಂಡ. ಕೈಯನ್ನು ಎಷ್ಟು ಸಲ ಉಜ್ಜಿ ತೊಳೆಯುತ್ತಿದ್ದನೆಂದರೆ ಬೆರಳ ಸಂದಿಗಳು ಬಿರುಕುಬಿಟ್ಟವು. ಬಿಸಿಲಿಗೆ ಹಾಕಿದ ಬಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ಮಗಳು ಏನಾದರೂ ಕೈಗೆ ಕೊಡಲು ಬಂದರೆ, "ಅಲ್ಲಿಡು, ತಗೋತೀನಿ," ಎನ್ನುತ್ತಿದ್ದ.

"ಹುಳ ಹೋಯ್ತು ಅಂದ್ರಲ್ಲಪ್ಪ. ಇನ್ನೂ ಯಾಕೆ ನೆಂಟರ ಮನೇಲಿದ್ದ ಹಾಗೆ ಇರ್ತೀಯ?"

ಅವನು ಕೈ ತೊಳೆಯಲು ಎದ್ದುಹೋದ. ಮಗಳು ಬೆಳಗಿನ ಗಡಿಬಿಡಿಯಲ್ಲಿ ತಳಹಿಡಿಸಿದ ಅಡುಗೆಯನ್ನು ಮೂವರೂ ಹೇಗೋ ನುಂಗುತ್ತಿದ್ದರು. ಹೀಗೇ ತಿಂಗಳುಗಳು ಸರಿದವು. ಒಂದು ದಿನ ಅವನು ಹೇಳಿದ, "ತಮ್ಮನ ಊರಿಗೆ ಹೋಗಿರ್ತೀನಿ ಕಣೇ. ಅವನೂ ಒಬ್ಬನೇ ಇದಾನೆ."

"ನೀನು ತಮ್ಮನ ಜೊತೆ ಮಾತು ಬಿಟ್ಟು ಎಷ್ಟು ವರ್ಷ ಆಯ್ತು?" ಎಂದು ಮಗಳು ರೇಗಿದಳು. ಆಮೇಲೆ ಅತ್ತಳು. ಆಮೇಲೆ, "ಹೋಗು, ನಿನ್ನಿಷ್ಟ," ಎಂದು ಪಾತ್ರೆಗಳನ್ನು ಕುಕ್ಕಿದಳು. ಅಳಿಯ ಪೇಪರಿನಿಂದ ತಲೆಯೆತ್ತದೆ, "ರಜೆ ದಿನ ನಾನೇ ನಿಲ್ದಾಣಕ್ಕೆ ಬಿಟ್ಟು ಬರ್ತೀನಿ," ಎಂದ. ಹಾಗಾದರೆ ಅಳಿಯನಿಗೂ ಇದೇ ಬೇಕಿತ್ತು ಎಂದುಕೊಂಡ ದರ್ಜಿಯಪ್ಪ.

ನಿಲ್ದಾಣಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ಅಳಿಯ ಕಿಟಕಿ ಪಕ್ಕ ಕೂತ, ಮಾವ ಈ ಕಡೆ, ಚೀಲ ಕಾಲಸಂದಿಯಲ್ಲಿ. ಡ್ರೈವರ್ ಎಳೆಯವನು. ಪ್ರತಿ ನಿಲುಗಡೆಯಲ್ಲೂ ಗಕ್ಕನೆ ನಿಲ್ಲಿಸುತ್ತಿದ್ದ, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ದರ್ಜಿಯಪ್ಪ ಕೆಳಗೆ ನೋಡಿದ. ತಿರುವು ಬಂದಾಗಲೆಲ್ಲ, ಸಿಗ್ನಲ್ ಬಂದಾಗಲೆಲ್ಲ, ಅಳಿಯನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ನೋಡಲಾಗಲಿಲ್ಲ.

"ನನ್ನಿಂದಾಗಿ…" ಎಂದ.

ಅಳಿಯ ಕಿಟಕಿಯ ಕಡೆಯಿಂದ ತಿರುಗಿದ. "ಸಿಟ್ಟು ಬಂದಿತ್ತು ಮಾವ. ಸುಳ್ಳು ಯಾಕೆ ಹೇಳ್ಲಿ. ಆ ಒಂಟಿ ಚಪ್ಪಲಿಗಳನ್ನ ನೋಡ್ತಾ ಕೂತಾಗ ಈಗ್ಲೂ ಒಂದೊಂದ್ಸಲ ಬರುತ್ತೆ."

"ಬರ್ಲಿ. ನ್ಯಾಯ ಅದು."

"ಆದ್ರೆ ಆ ಹುಳ ನಿಮ್ಮನ್ನ ಕೇಳಿ ಹತ್ತಿತಾ? ನನ್ನ ಬಸ್ಸಲ್ಲಿ ಎಷ್ಟು ಜನ ಕೆಮ್ಕೊಂಡು ಹತ್ತಿದ್ರು, ಯಾರು ಯಾರಿಗೆ ಏನು ಅಂಟಿಸಿ ಇಳಿದ್ರು, ನಂಗೇನು ಗೊತ್ತು? ಎಲ್ಲರನ್ನೂ ಜೋಪಾನವಾಗಿ ಮನೆ ಮುಟ್ಟಿಸ್ದೆ ಅಂತ ನಾನೂ ಬೀಗ್ತಾ ಇದ್ದೆ." ಅಷ್ಟು ಉದ್ದ ಮಾತಾಡಿ ಅಭ್ಯಾಸವಿಲ್ಲದ ಅವನು ಒಮ್ಮೆ ಉಸಿರೆಳೆದುಕೊಂಡ. "ಅವಳ ಅಡುಗೆ ತಿನ್ನಕ್ಕಾಗಲ್ಲ ಮಾವ. ಅವಳಿಗೆ ಹೇಳ್ಬೇಡಿ."

ದರ್ಜಿಯಪ್ಪನಿಗೆ ನಗು ಬಂತೋ ಅಳು ಬಂತೋ, ಮೂಗು ಮಾತ್ರ ಸೊರಸೊರ ಎಂದಿತು. ಏನಾದರೂ ಹೇಳಬೇಕೆಂದು ತಿರುಗುವಷ್ಟರಲ್ಲಿ ಅಳಿಯನ ಕಣ್ಣು ಮುಚ್ಚಿತ್ತು. ಫಿಟ್ಸಿನ ಮಾತ್ರೆಯ ಮಂಪರು, ಹೊತ್ತು ಗೊತ್ತಿಲ್ಲದೆ ಕವಿಯುತ್ತಿತ್ತು. ಬಾಯಿ ಸ್ವಲ್ಪ ತೆರೆದುಕೊಂಡು, ಬಲಗಾಲೂ ಸಡಿಲವಾಗಿ, ಚಿಕ್ಕ ಹುಡುಗನ ಹಾಗೆ ಮಲಗಿದ್ದ.

ತಮ್ಮನ ಊರಿನ ಬಸ್ಸು ಸಿಗುವ ದೊಡ್ಡ ನಿಲ್ದಾಣ ಬಂತು. ಜನ ಗದ್ದಲ ಮಾಡುತ್ತ ಇಳಿದರು. ಕಂಡಕ್ಟರ್ ಹಿಂದಿನಿಂದ ಕೂಗಿದ, "ಯಜಮಾನ್ರೇ, ಇಳೀರಿ, ನಿಮ್ಮ ಸ್ಟಾಪ್ ಇದೇ ಅಲ್ವಾ?"

ದರ್ಜಿಯಪ್ಪ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಆಮೇಲೆ ಇಲ್ಲವೆಂದು ತಲೆಯಾಡಿಸಿದ.

ಎಳೆಯ ಡ್ರೈವರ್ ಮತ್ತೆ ಗಕ್ಕನೆ ಬಸ್ಸು ಹೊರಡಿಸಿದ. ಅಳಿಯನ ತಲೆ ಕಿಟಕಿಯ ಗಾಜಿಗೆ ಬಡಿಯುವಷ್ಟರಲ್ಲಿ ದರ್ಜಿಯಪ್ಪ ನಡುವೆ ಅಂಗೈ ಒಡ್ಡಿದ. ಮುಂದಿನ ರಸ್ತೆಯೆಲ್ಲ ಹಳ್ಳ ಗುಂಡಿ. ತಲೆಯ ಬೆಚ್ಚಗಿನ ಭಾರ ಅಂಗೈಗೆ ಬಂದು ಬಂದು ಕೂರುತ್ತಿತ್ತು. ಅವನು ಕೈ ತೆಗೆಯಲಿಲ್ಲ.