ನಮಿತಕ್ಕನ ನಾಲ್ಕು ದಾಳ

ನಮಿತಕ್ಕ ಕಂಪ್ಯೂಟರಿನ ಅಂಚಿಗೆ ಐದನೆಯ ಚೀಟಿ ಅಂಟಿಸಿದಳು. "ಫ್ಯಾನ್ ಬಂದ್ ಮಾಡಬೇಕು" ಎಂದು ಬರೆದಿತ್ತು. ಎದುರಿನ ಮೇಜಿನ ಅರ್ಷಿಯಾ ತಿನ್ನುತ್ತಿದ್ದ ಚಪಾತಿ ಪಕ್ಕಕ್ಕಿಟ್ಟಳು. ಫ್ಯಾನಿಗೂ ಚೀಟಿ! ಯಲ್ಲಾಪುರದ ಈ ಲಾರಿ ಆಫೀಸಿನಲ್ಲಿ ಹದಿನೆಂಟು ವರ್ಷ, ಯಾವ ಗಾಡಿ ಯಾವ ಘಟ್ಟದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಿದ ಹೆಂಗಸು ಇವಳು.

"ಒಂದು ಆಟ ಹಾಕೋಣ್ವಾ ನಮಿತಕ್ಕಾ?"

"ಬೇಡ ಮಾರಾಯ್ತಿ. ನೀ ಹೇಳಿದ ನಂಬರು ನನ್ನ ತಲೇಲಿ ನಿಲ್ಲಬೇಕಲ್ಲ."

ಆಟವೆಂದರೆ ಅಂಗೈಯಗಲದ ಡಬ್ಬಿ, ಎಂಟು ದಾಳ. ಆಟದಲ್ಲಿ ಇಬ್ಬರೂ ಬೇರೆ ಬೇರೆ ಆಫೀಸಿನವರು. ಒಬ್ಬರ ಕಂಪ್ಯೂಟರಿಗೆ ಇನ್ನೊಬ್ಬರು ಕನ್ನ ಹಾಕಬೇಕು. ನಾಲ್ಕು ದಾಳವನ್ನು ಮುಚ್ಚಳದಡಿ ಬಚ್ಚಿಟ್ಟರೆ ಅದೇ ಪಾಸ್‌ವರ್ಡು. ಪ್ರತಿ ಊಹೆಗೂ ಎಷ್ಟು ಸರಿ ಎಂದು ಎದುರಿನವರು ಹೇಳಬೇಕು; ಮೊದಲು ಪೂರ್ತಿ ಊಹಿಸಿದವರು ಗೆದ್ದಂತೆ. ಮಧ್ಯಾಹ್ನದ ಬಿಡುವಿನಲ್ಲಿ ನಮಿತಕ್ಕ ಒಂದು ಸಾಲೂ ಬರೆದುಕೊಳ್ಳದೆ ದಿನವೂ ಗೆಲ್ಲುತ್ತಿದ್ದಳು.

ಒಂದು ಶುಕ್ರವಾರ ಮಾತ್ರ ಅರ್ಷಿಯಾ ಗೆದ್ದಳು. ಮುಚ್ಚಳದಡಿ ಇದ್ದದ್ದು ಮೂರು, ಒಂದು, ಐದು, ಎರಡು. ಅವಸರದಲ್ಲಿ ನಮಿತಕ್ಕ ಬೆರಳಿಗೆ ರೂಢಿಯಾದದ್ದನ್ನೇ ಇಟ್ಟಿದ್ದಳು. ದಿನಾ ಬೆಳಿಗ್ಗೆ ಕೀಬೋರ್ಡಿನ ಮೇಲೆ ಆ ಬೆರಳು ಓಡುವುದನ್ನು ನೋಡಿದವಳಿಗೆ ಥಟ್ಟನೆ ಹೊಳೆಯಿತು. ಸಂಜೆ ನಮಿತಕ್ಕ ಹೋದ ಮೇಲೆ, ಸುಮ್ಮನೆ ನೋಡೋಣ ಎಂದು ಅವಳ ಕಂಪ್ಯೂಟರಿನಲ್ಲಿ ಅದನ್ನೇ ಒತ್ತಿದಳು. ತೆರೆದುಕೊಂಡಿತು! ಸುಮ್ಮನೆ ನೋಡುವವಳು ನೋಡಿ ಮುಚ್ಚಬೇಕಿತ್ತು. ಡ್ರೈವರುಗಳ ಪಟ್ಟಿಯಲ್ಲಿ ಭಾನುವಾರದ ಮಂಗಳೂರು ಲೋಡಿಗೆ ತನ್ನ ತಮ್ಮ ನದೀಮನ ಹೆಸರಿತ್ತು. ಅವನಿಗೋ ಅಂದು ಶಿರಸಿಯಲ್ಲಿ ಕ್ರಿಕೆಟ್ ಮ್ಯಾಚು. ನದೀಮನ ಹೆಸರು ಅಳಿಸಿ ಇನ್ನೊಬ್ಬ ಡ್ರೈವರ್ ಮುಬೀನನದು ಹಾಕಿದಳು. ಅಷ್ಟೇ.

ಆ ಭಾನುವಾರ ಮುಬೀನನ ಮಗಳು ಮುನ್ನಿಯ ನಿಶ್ಚಯವಿತ್ತು. ಅವನು ನಮಿತಕ್ಕನಿಗೆ ಬಾಯಲ್ಲೇ ಹೇಳಿ ರಜೆ ಪಡೆದಿದ್ದ. ಶನಿವಾರ ನಮಿತಕ್ಕ ಇರಲಿಲ್ಲ. ಪಟ್ಟಿಯಲ್ಲಿದ್ದದ್ದೇ ಕೊನೆ ಎಂದು ಸಾಹೇಬರು ಪಟ್ಟು ಹಿಡಿದರು. ಗಂಡಿನ ಕಡೆಯವರು ಬಂದು, ಮನೆಯಲ್ಲಿ ತಂದೆಯೇ ಇಲ್ಲದ್ದು ಕಂಡು, ಚಹಾ ಕುಡಿದು, ನಿಶ್ಚಯ ಮಾಡದೆ ಎದ್ದು ಹೋದರು.

"ಪಾಸ್‌ವರ್ಡ್ ಇರೋದು ನನ್ನೊಬ್ಬಳ ಹತ್ರ. ನಾನೇ ಹಾಕಿರಬೇಕು, ನೆನಪೇ ಇಲ್ಲ," ಎಂದು ಸೋಮವಾರ ಎಲ್ಲರೆದುರು ಒಪ್ಪಿಕೊಂಡವಳು ನಮಿತಕ್ಕ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುವವಳು ಇನ್ನೊಬ್ಬಳು.

ಈಗ ನಮಿತಕ್ಕ ಗಂಡನಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಯಂಗೆ ನೆನಪೇ ಉಳೀತಿಲ್ಲೆ. ಆಯಿಗೂ ಹಿಂಗೇ ಶುರು ಆಗಿತ್ತು. ಈ ತಿಂಗಳಿಗೇ ಕೆಲಸ ಬಿಡ್ತೆ."

ಅರ್ಷಿಯಾಳಿಗೆ ತಡೆಯಲಾಗಲಿಲ್ಲ. ಫೋನ್ ಕೆಳಗಿಡುತ್ತಿದ್ದಂತೆ ಎದ್ದು ಬಂದಳು.

"ನಮಿತಕ್ಕಾ, ನಿಮಗೆ ಮರೆವು ಗಿರೆವು ಏನಿಲ್ಲ. ಪಟ್ಟಿ ಬದಲಿಸಿದ್ದು ನಾನು."

ನಮಿತಕ್ಕ ಸೋತ ನಗೆ ನಕ್ಕಳು. "ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ ತಂಗಿ. ಒಳ್ಳೆ ಹುಡುಗಿ ನೀನು."

ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅರ್ಷಿಯಾ ಡಬ್ಬಿ ತೆರೆದು ಕೀಬೋರ್ಡಿನ ಪಕ್ಕ ಒಂದೊಂದಾಗಿ ದಾಳ ಇಟ್ಟಳು. ಮೂರು. ಒಂದು. ಐದು. ಎರಡು.

ನಮಿತಕ್ಕನ ಬೆರಳು ಒಂದೊಂದೇ ದಾಳದ ಮೇಲೆ ಓಡಿತು. "ಅಂದ್ರೆ, ಹಾಕಿದ್ದು ನಾನಲ್ಲ?"

"ಅಲ್ಲ."

"ಖರೆ ಹೇಳು."

"ಅಲ್ಲಾನ ಆಣೆ, ನೀವಲ್ಲ. ನದೀಮನ ಮ್ಯಾಚಿಗೋಸ್ಕರ ನಾನು..."

ನಮಿತಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬೈಗುಳಕ್ಕೆ ತಲೆಯೊಡ್ಡಿ ನಿಂತಿದ್ದ ಅರ್ಷಿಯಾಳಿಗೆ ಕೇಳಿಸಿದ್ದು "ಸದ್ಯ, ದೇವರೇ, ಸದ್ಯ" ಎಂಬುದಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ನಮಿತಕ್ಕ ಮುಖ ಒರೆಸಿಕೊಂಡಳು. ಈ ಸಲ ತಂಗಿ ಎನ್ನಲಿಲ್ಲ. ತನ್ನ ಫೋನಿನಲ್ಲಿ ನಂಬರು ಒತ್ತಿ ಮುಂದೆ ಸರಿಸಿದಳು.

"ಮುಬೀನನಿಗೆ ಹೇಳು."

"ಏನಂತ ಹೇಳ್ಲಿ?"

"ಅದೂ ನಾನೇ ಹೇಳಿಕೊಡಬೇಕಾ?"

ಮೂರನೆಯ ರಿಂಗಿಗೆ ಆ ಕಡೆಯಿಂದ ಲಾರಿಯ ಸದ್ದು, ಅದರ ನಡುವೆ ಮುಬೀನನ ದನಿ ಕೇಳಿಸಿತು: "ನಮಿತಾ ಮೇಡಂ? ಇನ್ನೂ ಅದನ್ನೇ ಮನಸ್ಸಿಗೆ ಹಚ್ಚಿಕೊಂಡಿದೀರೇನು? ಬಿಡಿ, ವಯಸ್ಸಾದ ಮೇಲೆ ಎಲ್ಲರಿಗೂ ಮರೀತದೆ. ಬೇಜಾರು ಮಾಡ್ಕೋಬೇಡಿ ಮೇಡಂ... ಮೇಡಂ?"

ಅರ್ಷಿಯಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.