ಐದನೇ ದಿನದ ಡ್ರೈವರ್

ಊಟದ ಮೇಜಿನ ಮೇಲೆ ಭಾವನವರು ಪರದೇಶದ ನಕ್ಷೆ ಹರಡಿಕೊಂಡು ಕೂತಿದ್ದರು. ಹೊರಡುವುದು ಬರುವ ವಾರ. ಹನ್ನೆರಡು ದಿನ, ಮೂರೂವರೆ ಸಾವಿರ ಕಿಲೋಮೀಟರು, ಬಾಡಿಗೆ ವ್ಯಾನಿನಲ್ಲಿ ಮನೆಮಂದಿಯೆಲ್ಲ. ನಕ್ಷೆಯ ಪಕ್ಕದಲ್ಲಿ ಗಂಡ ಅವತ್ತೇ ತಂದಿಟ್ಟ ಇಂಟರ್‌ನ್ಯಾಷನಲ್ ಡ್ರೈವಿಂಗ್ ಲೈಸೆನ್ಸ್ ಪುಸ್ತಕಗಳಿದ್ದವು. ಇದ್ದದ್ದು ಎರಡೇ. ಒಂದು ಗಂಡನದು, ಇನ್ನೊಂದು ಅವನ ಅಣ್ಣನದು, ಅಂದರೆ ಈ ಭಾವನದು.

“ನಂದೆಲ್ರೀ?” ಅವಳು ಗಂಡನನ್ನು ಕೇಳಿದಳು.

“ಅದು... ಇಬ್ರು ಸಾಕು ಅಂದ ಅಣ್ಣ. ನಿನ್ನ ಅರ್ಜಿ ಕೊಡ್ಲಿಲ್ಲ,” ಎಂದ ಗಂಡ, ನೀರಿನ ಲೋಟದೊಳಗೆ ಮುಖ ಹುದುಗಿಸಿಕೊಂಡು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ವರ್ಷದಿಂದ ಶಾಲಾ ಬಸ್ಸು ಓಡಿಸುವವಳು ಅವಳು. ಬಸ್ಸಿಗೆ ಒಂದು ಗೀರು ಬಿದ್ದಿಲ್ಲ. ದಿನಾ ಅದೇ ಹನ್ನೊಂದು ಸ್ಟಾಪು, ಅದೇ ಗೇಟು. ಒಮ್ಮೆಯಾದರೂ ಕೊನೆ ಕಾಣದ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿಯಬೇಕೆಂಬುದೊಂದೇ ಆಸೆ. ಈ ಪ್ರವಾಸದ ಮಾತೆತ್ತಿದ್ದೇ ಅವಳು. ಅರ್ಜಿ ತುಂಬಿ, ಫೋಟೊ ಅಂಟಿಸಿ ಗಂಡನ ಕೈಗೆ ಕೊಟ್ಟಿದ್ದಳು. ಅದನ್ನು ಕಚೇರಿಯ ಕಿಟಕಿಯೊಳಗೆ ತಳ್ಳುವುದೂ ಈ ಮಹಾರಾಯನಿಗೆ ಭಾರವಾಯಿತು!

“ನೋಡಮ್ಮ, ಹೆಂಗಸ್ರು ಹಿಂದೆ ಆರಾಮಾಗಿ ಕೂತ್ಕೊಳ್ಲಿ ಅಂತ,” ಎಂದರು ಭಾವ. ಹೇಳುತ್ತಿದ್ದವರು ಯಾರು? ಕಾರು ರಿವರ್ಸ್ ತೆಗೆಯಲು ಬೀದಿಯವರನ್ನೆಲ್ಲ ಕೂಗಿ ಕರೆಯುವ ಪುಣ್ಯಾತ್ಮ. ತಮ್ಮನೋ, ತಿರುವು ಕಂಡರೆ ಕೈಕಾಲು ಬಿಡುವವನು.

ಹಲ್ಲು ಕಚ್ಚಿಕೊಂಡು ಅವಳು ಭಾವ ಬರೆದಿದ್ದ ಪಟ್ಟಿಯನ್ನು ಎಳೆದುಕೊಂಡಳು. ಪ್ರತಿ ದಿನದ ಎದುರಿಗೂ ಡ್ರೈವರ್ ಯಾರೆಂದು ಬರೆದಿತ್ತು. ಒಂದು ದಿನ ಅಣ್ಣ, ಒಂದು ದಿನ ತಮ್ಮ. ಐದನೇ ದಿನದ ಎದುರು ಮಾತ್ರ ಏನೂ ಇರಲಿಲ್ಲ.

“ಇದ್ಯಾಕೆ ಖಾಲಿ?”

ಇಬ್ಬರೂ ಮುಖ ಮುಖ ನೋಡಿಕೊಂಡರು.

“ಅವತ್ತು ಬೆಟ್ಟದ ದಾರಿ,” ಗಂಡ ಗೊಣಗಿದ. “ಇನ್ನೂರು ಕಿಲೋಮೀಟ್ರು ಬರೀ ತಿರುವು. ಅಷ್ಟು ಮಾತ್ರ ನೀನು ಓಡ್ಸಿದ್ರೆ... ಆ ಕಾಡಲ್ಲಿ ಲೈಸೆನ್ಸ್ ಯಾರು ಕೇಳ್ತಾರೆ? ಊರು ಬರ್ತಿದ್ದಂಗೆ ಸೀಟು ಬದಲಾಯಿಸ್ಕೊಂಡ್ರಾಯ್ತು.”

ಅವಳಿಗೆ ಸಿಟ್ಟು ನೆತ್ತಿಗೇರಿತು.

“ಅಂದ್ರೆ ನೆಟ್ಟಗಿರೋ ರಸ್ತೆಗೆ ನೀವು, ಜೀವ ಬಾಯಿಗೆ ಬರೋ ಜಾಗಕ್ಕೆ ನಾನು! ಅದೂ ಕಳ್ಳಿ ತರ! ಸಿಕ್ಕಿಬಿದ್ರೆ ಯಾರನ್ನ ಒಳಗೆ ಹಾಕ್ತಾರೆ? ನನ್ನ ನಂಬಿ ದಿನಾ ನಲವತ್ತು ಮಕ್ಕಳನ್ನ ಬಸ್ ಹತ್ತಿಸ್ತಾರ್ರೀ. ನಿಮಗೆ ನನ್ನ ಕೈ ಬೇಕು, ಹೆಸ್ರು ಬೇಡ!”

“ಮೆಲ್ಲಗೆ ಮಾತಾಡೇ,” ಎಂದ ಗಂಡ.

“ಇಷ್ಟು ವರ್ಷ ಮೆಲ್ಲಗೆ ಮಾತಾಡಿದ್ದಕ್ಕೇ ಈ ಗತಿ.” ಪಾಸ್‌ಪೋರ್ಟುಗಳ ರಾಶಿಯಿಂದ ತನ್ನದನ್ನು ಎಳೆದುಕೊಂಡಳು. “ಪ್ರಯಾಣ ಹದಿನೈದು ದಿನ ಮುಂದಕ್ಕೆ ಹಾಕಿ, ನನ್ನ ಅರ್ಜಿ ನಾನೇ ಕೊಟ್ಟು ಬರ್ತೀನಿ. ಆಗಲ್ಲ ಅಂದ್ರೆ ಈ ಖಾಲಿ ಜಾಗದಲ್ಲಿ ನಿಮ್ಮ ಹೆಸ್ರು ಬರ್ಕೊಳ್ಳಿ ಭಾವ. ನಾನು ಮನೇಲಿರ್ತೀನಿ.”

ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೇ ಕೊಟ್ಟಳು. ಭಾವ ಅದನ್ನು ಹಿಡಿದುಕೊಂಡು ನಕ್ಷೆಯಲ್ಲಿದ್ದ ಬೆಟ್ಟದ ದಾರಿಯ ಸುತ್ತುಗೆರೆಗಳನ್ನೇ ನೋಡಿದರು. ಆಮೇಲೆ ಪೆನ್ನನ್ನು ತಮ್ಮನ ಕಡೆ ಚಾಚಿದರು. ತಮ್ಮ ಎರಡೂ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ.